ಕಡವಿನಲ್ಲಿ ಯಾರೂ ಸತ್ತಿಲ್ಲವೆಂಬ ದೂರು

ಮಾನ್ಯರೇ,

ಮಲಪ್ರಭೆಯ ಮೇಲೆ ತಮ್ಮ ಲೋಕಲ್ ಬೋರ್ಡಿನವರು ನಡೆಸುವ ನಮ್ಮೂರ ಕಡವಿನಲ್ಲಿ ಕಳೆದ ಐದು ಮಳೆಗಾಲಗಳಿಂದ ಒಬ್ಬ ಮನುಷ್ಯನೂ ಮುಳುಗಿ ಸತ್ತಿಲ್ಲ. ನನ್ನ ದೂರು ಇದೇ.

ಇದನ್ನು ಓದಿ ತಾವು ನಗಬಹುದು. ಬರೆದವನ ಬುದ್ಧಿ ನೆಟ್ಟಗಿಲ್ಲ ಎಂದು ತಮ್ಮ ಕಾರಕೂನರು ಅಂಚಿನಲ್ಲಿ ಷರಾ ಹಾಕಬಹುದು. ಹಾಕಲಿ. ಇದಕ್ಕೆ ಮುಂಚಿನ ಎರಡು ಅರ್ಜಿಗಳನ್ನು ತಮ್ಮ ಜವಾನ ಹೇಳಿಕೊಟ್ಟಂತೆ 'ಮಹಾಮಾನ್ಯರೇ' ಎಂದು ಶುರುಮಾಡಿ, 'ತಮ್ಮ ಪಾದಸೇವಕ' ಎಂದು ಮುಗಿಸಿ, ನಡುವಿನ ವಿಷಯವನ್ನು ತಮಗೆ ತೊಂದರೆಯಾಗದಷ್ಟು ಸಣ್ಣದು ಮಾಡಿ ಬರೆದಿದ್ದೆ. ಎರಡಕ್ಕೂ ಉತ್ತರ ಬರಲಿಲ್ಲ. ಈ ಸಲ 'ಮಹಾ' ಬಿಟ್ಟು ವಿಷಯವನ್ನು ಉಳಿಸಿಕೊಂಡಿದ್ದೇನೆ. ಧಾರವಾಡದ ಪತ್ರಿಕೆಯವರು ಅಚ್ಚು ಹಾಕುತ್ತೇವೆ ಎಂದಿದ್ದಾರೆ. ತಮ್ಮ ಕಪಾಟಿನಲ್ಲಿ ಮಲಗುವ ಕಾಗದ ಅದಕ್ಕೆ ಮುಂಚೆ ನಾಲ್ಕು ಜನರ ಕಣ್ಣಿಗಾದರೂ ಬೀಳಲಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿರಿ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು. ನನ್ನಲ್ಲಿ ಉಳಿದಿರುವುದು ದಣಿವು ಮಾತ್ರ.

ನಾನು ಅರಿವೆ ವ್ಯಾಪಾರಿ. ಬೈಲಹೊಂಗಲದ ಪೇಟೆಯಿಂದ ಸೀರೆ, ಖಣ, ಧೋತರ ತಂದು ಎತ್ತಿನ ಮೇಲೆ ಹೇರಿಕೊಂಡು ಸಂತೆಯಿಂದ ಸಂತೆಗೆ ತಿರುಗುವವನು. ಸವದತ್ತಿಯ ಸಂತೆ ನಮ್ಮ ದಂಡೆಯಲ್ಲೇ ಇದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಸಾಲಹಳ್ಳಿ, ಕಟಕೋಳದ ಸಂತೆಗಳು ಹೊಳೆಯಾಚೆ. ಹೊಳೆ ದಾಟದೆ ನಮ್ಮ ಹೊಟ್ಟೆ ತುಂಬುವುದಿಲ್ಲ. ಮಗಳು ಗುರವ್ವನನ್ನೂ ಸಾಲಹಳ್ಳಿಗೇ ಕೊಟ್ಟಿದ್ದೇನೆ. ಅಳಿಯ ಮಡಿವಾಳೆಪ್ಪ ಒಕ್ಕಲುತನದವನು, ಒಳ್ಳೆಯವನು. ಸಂಬಂಧ ಕೂಡಿಸುವಾಗ ಜಾತಕ ನೋಡಿಸಿದೆವು, ಹೊಲ ನೋಡಿದೆವು, ಹಟ್ಟಿಯ ದನ ನೋಡಿದೆವು. ನಡುವಿನ ಹೊಳೆಯ ಕಡವು ಯಾವ ಸಾಹೇಬರ ಕೈಯಲ್ಲಿದೆ ಎಂದು ನೋಡಬೇಕಿತ್ತು ಎಂಬುದು ಹೊಳೆಯಲಿಲ್ಲ.

ಕಡವಿನ ಕಥೆಯನ್ನು ತಾವು ಬರುವುದಕ್ಕಿಂತ ಮುಂಚಿನಿಂದ ಹೇಳಬೇಕು. ಆರು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಹರಿಗೋಲು ಎರಡು ಸಲ ಮಗುಚಿತು. ಹರಿಗೋಲು ಎಂದರೆ ತಾವು ಕಂಡದ್ದೇ, ಬಿದಿರಿನ ಬುಟ್ಟಿಗೆ ತೊಗಲು ಹೊಚ್ಚಿದ್ದು. ತಿರುಗುತ್ತ ತಿರುಗುತ್ತ ದಾಟುತ್ತದೆ, ನೀರು ಕೆರಳಿದರೆ ಮಗುಚುತ್ತದೆ. ಆ ವರ್ಷ ಹೆಣಗಳು ಬಿದ್ದವು. ಮೇಲಿನಿಂದ ವಿಚಾರಣೆಯ ಕಾಗದ ಬಂತು. ಆಗ ತಮ್ಮ ಕುರ್ಚಿಯಲ್ಲಿದ್ದ ಸಾಹೇಬರಿಗೆ ನಿದ್ದೆ ಹಾರಿತು. ಅದಕ್ಕೆ ಮುಂಚೆ ಬೋರ್ಡಿನವರಿಗೆ ಒಂದು ಹೊಸ ತೊಗಲು ಕೊಡಿಸಿರೆಂದು ಕೇಳಿದರೆ ಮೂರು ವರ್ಷ ಹಿಡಿಯುತ್ತಿತ್ತು. ಹೆಣ ಬಿದ್ದ ಮೇಲೆ ಮೂರೇ ತಿಂಗಳಲ್ಲಿ ಮುಂಬಯಿಯಿಂದ ಕಬ್ಬಿಣದ ದೋಣಿ ಬಂತು! ಆಗಬೋಟಿನ, ಅಂದರೆ ಉಗಿಹಡಗಿನ, ಕಂಪನಿಯಿಂದ ಕೊಂಡದ್ದಂತೆ. ರೈಲಿನಲ್ಲಿ ಬಂದು, ಆಮೇಲೆ ಚಕ್ಕಡಿಗಳಲ್ಲಿ ಬಂದು, ನಮ್ಮ ದಂಡೆಯಲ್ಲಿ ಇಳಿಯಿತು. ಬೋರ್ಡಿನ ಸದಸ್ಯರೆಲ್ಲ ರುಮಾಲು ಸುತ್ತಿಕೊಂಡು ಬಂದರು, ತೆಂಗಿನಕಾಯಿ ಒಡೆದರು, ಭಾಷಣವಾಯಿತು. ಸಮುದ್ರದ ದೋಣಿ ಅದು. ಅದಕ್ಕೆ ಆಳ ಬೇಕು. ನಮ್ಮ ಹೊಳೆಯ ಹೊಟ್ಟೆಯ ತುಂಬ ಬಂಡೆ. ಎರಡನೆಯ ಸಲ ದಾಟುವಾಗಲೇ ನಡುಹೊಳೆಯ ಬಂಡೆಯ ಮೇಲೆ ಎಮ್ಮೆ ಕೂತಂತೆ ಕೂತುಬಿಟ್ಟಿತು. ಮುಂದಿನ ಮಹಾಪೂರ ಅದನ್ನು ಎತ್ತಿ ದಂಡೆಗೆ ಎಸೆಯಿತು. ಈಗಲೂ ಅಲ್ಲೇ ಇದೆ. ಪ್ರತಿ ವರ್ಷ ಒಂದು ನಾಯಿ ಅದರಲ್ಲಿ ಮರಿ ಹಾಕುತ್ತದೆ, ಅಷ್ಟರಮಟ್ಟಿಗೆ ಸರಕಾರದ ದುಡ್ಡು ಕೆಲಸಕ್ಕೆ ಬಂದಿದೆ.

ಆ ಸಾಹೇಬರಿಗೆ ವರ್ಗವಾಯಿತು, ತಾವು ಬಂದಿರಿ. ತಾವು ಜಾಣರು. ತಾವು ಏನನ್ನೂ ಕೊಳ್ಳಲಿಲ್ಲ. ಕಡವಿನ ಪಕ್ಕದ ಬಂಡೆಯ ಮೇಲೆ ಡಾಂಬರಿನಿಂದ ಒಂದು ಗೆರೆ ಎಳೆಸಿದಿರಿ. ನೀರು ಗೆರೆಯನ್ನು ಮುಟ್ಟಿದರೆ ಹರಿಗೋಲು ಹಾಕಕೂಡದು. ಹಾಕಿ ಒಬ್ಬನು ಸತ್ತರೂ ಅಂಬಿಗನ ಮಕ್ತೆ, ಅಂದರೆ ಕಡವು ನಡೆಸುವ ಗುತ್ತಿಗೆ, ರದ್ದು, ಮೇಲೆ ಖಟ್ಲೆ ಬೇರೆ. ಆ ವರ್ಷ ಒಬ್ಬರೂ ಸಾಯಲಿಲ್ಲ. ಮೇಲಿನಿಂದ ಶಾಭಾಸಕಿ ಬಂತು. ಶಾಭಾಸಕಿ ಬಂದ ಮೇಲೆ ಅದನ್ನು ಉಳಿಸಿಕೊಳ್ಳಬೇಕಲ್ಲ? ಮರುವರ್ಷ ತಮ್ಮ ಓವರ್ಸಿಯರ್ ಬಂದು, ಇನ್ನಷ್ಟು ಎಚ್ಚರಿಕೆ ಇರಲೆಂದು ಗೆರೆಯನ್ನು ಒಂದು ಗೇಣು ಕೆಳಗೆ ಇಳಿಸಿದ. ಆ ವರ್ಷವೂ ಸೊನ್ನೆ. ಅದರ ಮರುವರ್ಷ ಇನ್ನೊಂದು ಗೇಣು. ಮೊದಲು ಹೊಳೆ ಹುಚ್ಚೆದ್ದಾಗ ಮಾತ್ರ ಕಡವು ನಿಲ್ಲುತ್ತಿತ್ತು. ಈಗ ಆಷಾಢದಲ್ಲಿ ನಿಂತರೆ ಭಾದ್ರಪದದವರೆಗೆ ಕದ ಹಾಕಿದಂತೆ. ಹೀಗೇ ಇಳಿಯುತ್ತ ಹೋದರೆ ಬೇಸಿಗೆಯಲ್ಲಿ ಎಮ್ಮೆ ನೀರು ಕುಡಿಯಲಿಕ್ಕೂ ತಮ್ಮ ಪರವಾನಗಿ ಬೇಕಾದೀತು. ಬಾಯವ್ವ ಎಂಬ ಮುದುಕಿಯೊಬ್ಬಳು ಆ ಗೆರೆಗೆ ದಿನಾ ಕುಂಕುಮ ಹಚ್ಚುತ್ತಾಳೆ. ಸರಕಾರದವರು ಪ್ರತಿ ವರ್ಷ ಬಂದು ಕರಿ ಬಳಿದು, ನಿಂತು ನೋಡಿ, ಕಾಗದದಲ್ಲಿ ಏನೋ ಬರೆದುಕೊಂಡು ಹೋಗುವುದನ್ನು ಕಂಡು ಅದು ಯಾವುದೋ ದೇವರೇ ಇರಬೇಕೆಂದು ಆಕೆ ತಿಳಿದಿದ್ದಾಳೆ. ಆಕೆಯ ತಪ್ಪು ದೊಡ್ಡದೆಂದು ನನಗೆ ಅನಿಸುವುದಿಲ್ಲ.

ಅಂಗಡಿಗೆ ಬೀಗ ಹಾಕಿದ ವ್ಯಾಪಾರಿಗೆ ಲುಕ್ಸಾನು ಎಲ್ಲಿಂದ ಬರಬೇಕು, ಮಾನ್ಯರೇ? ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿದರೆ ಅದರಿಂದ ಯಾರು ಬಿದ್ದು ಸಾಯಬೇಕು? ತಮ್ಮ ಕಡವಿನ ಗುರಿ ಜನರನ್ನು ದಾಟಿಸುವುದು ಎಂದು ನಾವು ಹಳ್ಳಿಯ ಮಂದಿ ಇಷ್ಟು ವರ್ಷ ತಿಳಿದಿದ್ದೆವು. ಯಾರೂ ಸಾಯದಿರುವುದೇ ಗುರಿ ಎಂದು ತಾವು ತಿದ್ದಿದಿರಿ. ಕೇಳಲಿಕ್ಕೆ ಎರಡೂ ಒಂದೇ. ಆದರೆ ಹೊಳೆ ತುಂಬಿದಾಗ ಒಂದು ದಂಡೆಯಲ್ಲಿ ಕೆಲಸವಿದ್ದವನು ಇನ್ನೊಂದು ದಂಡೆಯಲ್ಲಿ ನಿಂತಿದ್ದರೆ ಅವೆರಡರ ನಡುವಿನ ಅಂತರ ಅವನಿಗೆ ಗೊತ್ತಾಗುತ್ತದೆ.

ಹಾಗೆ ನಿಂತವರು ಎಲ್ಲಿಗೆ ಹೋದರು ಎಂದು ತಮ್ಮ ಕಚೇರಿಯಲ್ಲಿ ಯಾರೂ ಕೇಳಿಲ್ಲ. ನಾನು ಹೇಳುತ್ತೇನೆ. ಕಡವಿನಿಂದ ಕೆಳಕ್ಕೆ, ಹೊಳೆ ಹೊರಳುವ ಕಡೆ, ಒಂದು ಅಗಲವಾದ ಮಡು ಇದೆ. ಅಲ್ಲಿಂದ ಪಕ್ಕದ ರಾಜರ ಸಂಸ್ಥಾನದ ಹದ್ದು ಶುರು. ತಮ್ಮ ಬಂದೋಬಸ್ತು ಅಲ್ಲಿಗೆ ಮುಗಿಯುತ್ತದೆ. ಗೆರೆ ಮುಟ್ಟಿತೆಂದು ಕಡವಿನಲ್ಲಿ ವಾಪಸು ಕಳಿಸಿದವರೆಲ್ಲ ಆ ಮಡುವಿಗೆ ಹೋಗುತ್ತಾರೆ. ಒಣಗಿಸಿದ ಸೋರೆಬುರುಡೆಗಳನ್ನು ಬಗಲಿಗೆ ಕಟ್ಟಿಕೊಂಡು, ಅರಿವೆಯ ಗಂಟನ್ನು ತಲೆಗೆ ಸುತ್ತಿಕೊಂಡು ನೀರಿಗೆ ಬೀಳುತ್ತಾರೆ. ಬಹಳ ಮಂದಿ ದಾಟುತ್ತಾರೆ. ಕೆಲವರು ದಾಟುವುದಿಲ್ಲ. ಕಟಕೋಳದ ಸಂತೆ ಮುಗಿಸಿ ಬರುತ್ತಿದ್ದ ಬಳೆಗಾರನೊಬ್ಬ ದಾಟಲಿಲ್ಲ. ಬಾಣಂತಿ ಮಗಳನ್ನು ನೋಡಲು ಹೊರಟಿದ್ದ ಕೆಂಚವ್ವ ಎಂಬ ನಮ್ಮ ಓಣಿಯ ಹೆಣ್ಣುಮಗಳು ದಾಟಲಿಲ್ಲ. ಅವರು ಯಾರೂ ತಮ್ಮ ಕಡವಿನಲ್ಲಿ ಸತ್ತವರಲ್ಲ. ತಮ್ಮ ಸೊನ್ನೆಗೆ ಒಂದು ಹನಿ ನೀರೂ ಸಿಡಿಯಲಿಲ್ಲ.

ತಾವು ಈ ಕಡೆಯವರಲ್ಲವಾದ್ದರಿಂದ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ನಾಗಪ್ಪನಿಗೆ ಹಾಲೆರೆಯುವುದು ಒಂದು ನೆಪ. ಗಂಡನ ಮನೆಯಲ್ಲಿ ವರ್ಷವಿಡೀ ದುಡಿದವಳು ತವರಿಗೆ ಬಂದು ನಾಲ್ಕು ದಿನ ಜೋಕಾಲಿ ಆಡಿ, ಉಂಡಿ ತಿಂದು, ಅವ್ವನ ಮುಂದೆ ಮನಸ್ಸು ಬಿಚ್ಚಿ ಅತ್ತು ಹೋಗುವುದು ನಿಜವಾದ ಹಬ್ಬ. ಆದರೆ ಆಕೆ ತಾನಾಗಿ ಬರುವ ಹಾಗಿಲ್ಲ. ಒಡಹುಟ್ಟಿದವನು ಹೋಗಿ ಕರೆತರಬೇಕು. ಯಾರೂ ಕರೆಯಲು ಬಾರದಿದ್ದರೆ ನೆರೆಹೊರೆಯವರ ಮುಂದೆ ಆಕೆಯ ತಲೆ ತಗ್ಗುತ್ತದೆ, ತವರು ಸತ್ತುಹೋಯಿತೇ ಎಂದು ಕೇಳುವವರೂ ಇರುತ್ತಾರೆ. ಈ ಹಬ್ಬವನ್ನು ನಮ್ಮ ಹಿರಿಯರು ಶ್ರಾವಣದಲ್ಲಿ ಇಟ್ಟರು, ಹೊಳೆ ಒಡಲು ತುಂಬಿ ಹರಿಯುವ ತಿಂಗಳಲ್ಲಿ. ತಮ್ಮ ಗೆರೆ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಪಂಚಮಿಗೆ ಎರಡು ದಿನವಿರುವಾಗ ನನ್ನ ಮಗ ಬಾಳು ತನ್ನ ಅಕ್ಕನನ್ನು ಕರೆಯಲು ಹೊರಟ. ಅವನ ಅವ್ವ ಸಾವಿತ್ರೆವ್ವ ಅಕ್ಕನ ಅತ್ತೆಗೆಂದು ಶೇಂಗಾದ ಉಂಡಿ ಕಟ್ಟಿಕೊಟ್ಟಳು. ನಾನು ಮಾರುವ ಗಂಟಿನಿಂದ ಒಂದು ಕುಪ್ಪಸದ ಖಣ ಹರಿದು ಕೊಟ್ಟೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಳೆ ತುಂಬಿತ್ತು, ಆದರೆ ಒರಟಿರಲಿಲ್ಲ. ಇಂಥ ನೀರಿನಲ್ಲಿ ಹಿಂದೆ ನಾನೇ ಸೀರೆಯ ಗಂಟು ಹೇರಿಕೊಂಡು ಎಷ್ಟೋ ಸಲ ದಾಟಿದ್ದೇನೆ. ನೀರು ತಮ್ಮ ಗೆರೆಯ ಮೇಲೆ ಎರಡು ಬೆರಳು ಏರಿತ್ತು.

ಆಮೇಲೆ ನಡೆದದ್ದನ್ನು ಅಂಬಿಗರ ಹಣಮಂತಪ್ಪನೇ ನನಗೆ ಹೇಳಿದ. ಮಕ್ತೆ ಹಿಡಿದವನು ಅವನೇ. ಬಾಳು ಅವನನ್ನು ಕಾಕಾ ಎಂದು ಕರೆಯುತ್ತಿದ್ದ. ಅಂದೂ ಕಾಕಾ, ಒಂದು ಸಲ ಹಾಕು ಎಂದು ಬೇಡಿಕೊಂಡನಂತೆ. ಹಣಮಂತಪ್ಪ ಬಂಡೆಯ ಕಡೆ ಬೆರಳು ಮಾಡಿದ. ದಿನವೂ ಹತ್ತಾರು ಮಂದಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತನ್ನೇ ಅವನಿಗೂ ನಗುತ್ತ ಹೇಳಿದ.

"ಎಲ್ಲಿ ಬೇಕಾದಲ್ಲಿ ಹೋಗಪಾ ತಮ್ಮಾ, ನನ್ನ ಕಡವಿನ್ಯಾಗ ಮಾತ್ರ ಸಾಯಬ್ಯಾಡ."

ಬಾಳುವೂ ನಕ್ಕನಂತೆ. ನಕ್ಕು ಮಡುವಿನ ಕಡೆ ನಡೆದ.

ದಂಡೆಯಲ್ಲಿ ಇದ್ದವರು ನೋಡಿದ್ದಾರೆ. ಅರ್ಧ ಹೊಳೆಗಿಂತ ಹೆಚ್ಚು ದಾಟಿದ್ದ. ಮೇಲಿನಿಂದ ಬೇರುಸಮೇತ ಒಂದು ಜಾಲಿಯ ಮರ ತೇಲಿ ಬಂತು. ಎಲ್ಲರೂ ಕೂಗಿದರು. ಹೊಳೆಯ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ. ಮರ ದಾಟಿ ಹೋದ ಮೇಲೆ ನೀರಿನ ಮೇಲೆ ಬುರುಡೆಗಳು ಮಾತ್ರ ಇದ್ದವು.

ಸುರೇಬಾನದ ಬದಿಗೆ, ಸಂಸ್ಥಾನದ ಹದ್ದಿನಲ್ಲಿ, ಮೂರನೆಯ ದಿನ ಸಿಕ್ಕ. ಕೊರಳಲ್ಲಿ ಲಿಂಗವಿತ್ತಾದ್ದರಿಂದ ಲಿಂಗವಂತನೇ ಎಂದು ತಿಳಿದು ಅಲ್ಲಿಯವರು ಸುಡದೆ ಕಾದಿದ್ದರು; ಆ ಊರಿನವರ ಉಪಕಾರವನ್ನು ಮರೆಯಲಾರೆ. ನಡುವಿಗೆ ಸುತ್ತಿಕೊಂಡಿದ್ದ ಖಣ ಹಾಗೇ ಇತ್ತು. ಮುಖ ನೋಡುವ ಮೊದಲು ಖಣದ ಅಂಚು ನೋಡಿ ಗುರುತಿಸಿದೆ. ವ್ಯಾಪಾರಿಯ ಕಣ್ಣು, ಏನು ಮಾಡುವುದು.

ಅತ್ತ ಸಾಲಹಳ್ಳಿಯಲ್ಲಿ ಗುರವ್ವ ತಲೆ ಬಾಚಿಕೊಂಡು, ಗಂಟು ಕಟ್ಟಿಕೊಂಡು, ತಮ್ಮನ ದಾರಿ ನೋಡುತ್ತಿದ್ದಳು. ಅಂದು ಬರಲಿಲ್ಲ, ಮರುದಿನ ಬರಲಿಲ್ಲ, ಹಬ್ಬದ ದಿನವೂ ಬರಲಿಲ್ಲ. ಓರಗಿತ್ತಿಯರನ್ನು ಅವರವರ ಅಣ್ಣತಮ್ಮಂದಿರು ಬಂದು ಕರೆದುಕೊಂಡು ಹೋದರು. ಅವರ ತವರು ಅದೇ ದಂಡೆಯಲ್ಲಿತ್ತು. ಈಕೆ ಸಿಟ್ಟಿನಿಂದ ಉಂಡಿಯನ್ನು ಬಾಯಿಗೆ ಹಚ್ಚಲಿಲ್ಲವಂತೆ. ನೀರು ಇಳಿದ ಮೇಲೆ ಬಂದು ನನ್ನ ಮುಂದೆ ಕೂತು ಒಂದೇ ಮಾತು ಆಡಿದಳು.

"ಅಪ್ಪಾ, ಅಂವ ನೀರಾಗಿದ್ದಾಗ ನಾ ಅವನ್ನ ಬೈಕೋತ ಕುಂತಿದ್ದೆ."

ಇದಕ್ಕೆ ನಾನು ಏನು ಹೇಳಬೇಕಿತ್ತು? ತಮ್ಮ ಕಚೇರಿಯಲ್ಲಿ ಯಾರಿಗಾದರೂ ತಿಳಿದಿದ್ದರೆ ಕಲಿಸಿಕೊಡಲಿ.

ಮಣ್ಣು ಮಾಡಿ ಬಂದ ಮೇಲೆ ತಮ್ಮ ಕಚೇರಿಗೆ ಬಂದೆ. ದುಡ್ಡು ಕೇಳಲು ಬಂದವನೆಂದು ತಮ್ಮ ಕಾರಕೂನರು ಮೊದಲು ಹೆದರಿದರು. ದುಡ್ಡು ಬೇಡ, ನನ್ನ ಮಗ ಸತ್ತದ್ದನ್ನು ಕಡವಿನ ಲೆಕ್ಕಕ್ಕೆ ಹಿಡಿಯಿರಿ ಎಂದಾಗ ಇನ್ನೂ ಹೆಚ್ಚು ಹೆದರಿದರು. ಪಾಪ, ಕೆಟ್ಟವರಲ್ಲ, ಕೂಡಲು ಹೇಳಿ ನೀರು ತರಿಸಿಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: "ಸಾವುಕಾರ್ರ, ನಮ್ಮ ಕಡವಿನ್ಯಾಗ ಆಗಿದ್ರ ಬರಕೋತಿದ್ವಿ. ಅಂವ ಅಲ್ಲಿತನಕ ಹೋಗ್ಯಾನಲ್ರಿ."

ಸಂಸ್ಥಾನದ ಕಚೇರಿಗೂ ಹೋದೆ. ಅವರ ವಾದ ಬೇರೆ. ಸತ್ತವನು ಸಂಸ್ಥಾನದ ಪ್ರಜೆಯಲ್ಲ, ನೀರಿಗೆ ಇಳಿದದ್ದು ನಿಮ್ಮ ಸರಕಾರದ ದಂಡೆಯಿಂದ, ನಮ್ಮ ಕಡೆಗೆ ಬಂದದ್ದು ಬರೀ ಹೆಣ, ಹೆಣದ ಜವಾಬ್ದಾರಿ ನಮ್ಮದಲ್ಲ ಎಂದರು. ಹೀಗೆ ನನ್ನ ಮಗ ಎರಡು ಸರಕಾರಗಳ ನಡುವಿನ ನೀರಿನಲ್ಲಿ ಸತ್ತ, ಯಾವ ಸರಕಾರದಲ್ಲೂ ಸಾಯಲಿಲ್ಲ. ಅವನನ್ನು ಹೆತ್ತವಳ ಮನೆಯಲ್ಲಿ ಮಾತ್ರ ಸತ್ತಿದ್ದಾನೆ.

ಇನ್ನು ತಮ್ಮ ಭೇಟಿಯ ಸಂಗತಿ. ಮಾಗಿಯಲ್ಲಿ ತಾವು ನಮ್ಮೂರಲ್ಲಿ ಮುಕ್ಕಾಮು ಮಾಡಿದಾಗ ಹಿರಿಯರೆಲ್ಲ ಕೂಡಿ ಬಂದಿದ್ದೆವು, ತಮಗೆ ನೆನಪಿರಬಹುದು. ನನ್ನ ಅಳಿಯ ಮಡಿವಾಳೆಪ್ಪ ತಾನು ಬೇರೊಂದು ಹೊಳೆಯ ಮೇಲೆ ನೋಡಿಬಂದ ಕಡವಿನ ಬಗ್ಗೆ ಅರಿಕೆ ಮಾಡಿದ. ಈ ದಂಡೆಯಿಂದ ಆ ದಂಡೆಗೆ ದಪ್ಪ ತಂತಿಯ ಹಗ್ಗ ಬಿಗಿದು, ತಳ ಚಪ್ಪಟೆಯಾದ ಕಟ್ಟಿಗೆಯ ದೋಣಿಯನ್ನು ಅದಕ್ಕೆ ಗಾಲಿಯಿಂದ ತೂಗುಹಾಕುತ್ತಾರೆ. ಹೊಳೆಯ ಸೆಳವೇ ಅದನ್ನು ಆಚೆಗೆ ತಳ್ಳುತ್ತದೆ, ಹಗ್ಗ ಕೊಚ್ಚಿಹೋಗದಂತೆ ಹಿಡಿಯುತ್ತದೆ. ಕಟ್ಟಿಗೆ ನಾವು ಕೊಡುತ್ತೇವೆ, ಆಳು ನಾವು ಬರುತ್ತೇವೆ, ತಂತಿ ಮಾತ್ರ ಸರಕಾರ ತರಿಸಲಿ ಎಂದೆವು. ತಾವು ಸಮಾಧಾನದಿಂದ ಕೇಳಿದಿರಿ. ಕೇಳಿ, ಐದು ವರ್ಷದಿಂದ ಒಂದು ಸಾವೂ ಇಲ್ಲದ ಕಡವು ಈ ಪ್ರಾಂತದಲ್ಲೇ ಇನ್ನೊಂದಿಲ್ಲ, ಸರಿಯಾಗಿ ನಡೆದದ್ದನ್ನು ಯಾಕೆ ಕೆಣಕಬೇಕು ಎಂದಿರಿ. ಹಗ್ಗ ಹರಿದರೆ ಯಾರು ಹೊಣೆ ಎಂದೂ ಕೇಳಿದಿರಿ.

ಹರಿಯಬಹುದು, ಮಾನ್ಯರೇ. ಹಗ್ಗ ಹರಿಯುವುದಿಲ್ಲ ಎಂದು ಆಣೆ ಮಾಡಲಾರೆ. ದೋಣಿ ಮಗುಚಬಹುದು, ಒಬ್ಬಿಬ್ಬರು ಸಾಯಬಹುದು, ಅವರು ತಮ್ಮ ಲೆಕ್ಕದಲ್ಲಿಯೇ ಸಾಯುತ್ತಾರೆ. ತಮ್ಮ ಹೆದರಿಕೆ ಸುಳ್ಳಲ್ಲ. ನನ್ನನ್ನು ದಣಿಸಿರುವುದು ತಮ್ಮ ಹೆದರಿಕೆಯಲ್ಲ, ಆ ಹೆದರಿಕೆ ಬರುವ ಹೊತ್ತು. ಹೆಣ ಬಿದ್ದ ವರ್ಷ ತಮ್ಮ ಹಿಂದಿನವರಿಗೆ ಹೊಸದರ ಹೆದರಿಕೆಯೇ ಇರಲಿಲ್ಲ. ಸಮುದ್ರದ ದೋಣಿಯನ್ನು ಹೊಳೆಗೆ ತಂದರು. ಹೆಣ ಬೀಳದ ವರ್ಷಗಳಲ್ಲಿ ತಮಗೆ ಒಂದು ಹಗ್ಗ ಕಂಡರೂ ಹೆದರಿಕೆ. ಸೋತವನು ಕಣ್ಣು ಮುಚ್ಚಿ ಹಾರುತ್ತಾನೆ, ಗೆದ್ದವನು ಕಣ್ಣು ಮುಚ್ಚಿ ಕೂರುತ್ತಾನೆ. ಕಣ್ಣು ತೆರೆದು ಹೆಜ್ಜೆ ಇಡುವವನು ಯಾವ ವರ್ಷದಲ್ಲಿ ತಮ್ಮ ಕುರ್ಚಿಗೆ ಬರುತ್ತಾನೆ?

ಇದು ಸರಕಾರದ ರೋಗ ಮಾತ್ರ ಎನ್ನಲಾರೆ. ಬೈಲಹೊಂಗಲದ ಪೇಟೆಯಲ್ಲಿ ನನ್ನ ಗೆಳೆಯ ಬಸವಣ್ಣೆಪ್ಪನ ಅಂಗಡಿಯಿದೆ. ಅವನ ಗೋಮಿದಡಿಯ ಸೀರೆಗಳು ಚೆನ್ನಾಗಿ ಖರ್ಚಾಗುತ್ತಿದ್ದಾಗ, ಹೆಂಗಸರು ಹೊಸ ಬಣ್ಣ ತರಿಸಿರೆಂದು ಎಷ್ಟು ಕೇಳಿದರೂ, ನಡೆಯುವ ಎತ್ತಿಗೆ ಬಾರುಕೋಲು ಯಾಕೆ ಎನ್ನುತ್ತಿದ್ದ. ಆಮೇಲೆ ಎರಡು ವರ್ಷ ವ್ಯಾಪಾರ ಬಿತ್ತು. ಬಿದ್ದದ್ದೇ ತಡ, ವಿಲಾಯತಿ ಬಣ್ಣದ ಕೆಂಪು ಸೀರೆಗಳನ್ನು ಒಂದೇ ಸಲಕ್ಕೆ ಚಕ್ಕಡಿ ತುಂಬ ತಂದು ಹಾಕಿದ. ದೀಪಾವಳಿಗೆ ಊರೆಲ್ಲ ಕೊಂಡರು. ಮೊದಲ ಒಗೆತಕ್ಕೇ ಸೀರೆ ಬೆಳ್ಳಗಾಯಿತು, ಗಂಡನ ಧೋತರ, ಮಗುವಿನ ಕುಲಾಯಿ, ಅತ್ತೆಯ ಹಾಸಿಗೆ ಎಲ್ಲ ಕೆಂಪಾದವು. ಆ ಹೆಂಗಸರು ಅವನ ಅಂಗಡಿಯ ಮುಂದೆ ಬಂದು ಆಡಿದ ಮಾತನ್ನು ಪತ್ರಿಕೆಯಲ್ಲಿ ಬರೆಯುವಂತಿಲ್ಲ. ವ್ಯಾಪಾರ ನಡೆದಿದ್ದಾಗ ನಾಲ್ಕೇ ಸೀರೆ ತಂದು ಒಂದು ಕೊಡ ನೀರಿನಲ್ಲಿ ಅದ್ದಿ ನೋಡಿದ್ದರೆ ಸಾಕಿತ್ತು. ಹೊಸದನ್ನು ಅದ್ದಿ ನೋಡುವ ಕಾಲ ಎಂದರೆ ಕಾಲ ಒಳ್ಳೆಯದಿರುವಾಗಲೇ. ಆದರೆ ಆಗ ಯಾರಿಗೂ ಬೇಡ.

ಹಾಗೆ ನೋಡಿದರೆ ನನಗೆ ಹಣಮಂತಪ್ಪನ ಮೇಲೂ ಸಿಟ್ಟಿಲ್ಲ. ಅವನ ಹರಿಗೋಲಿನ ತೊಗಲು ಹಳೆಯದು, ಮನೆಯಲ್ಲಿ ತಿನ್ನುವ ಬಾಯಿಗಳು ಬಹಳ, ಮಕ್ತೆ ಹೋದರೆ ಮರುದಿನ ಒಲೆ ಹತ್ತುವುದಿಲ್ಲ. ತಂತಿಯ ಹಗ್ಗದ ಮಾತು ಬಂದಾಗ ಅಂಬಿಗರೆಲ್ಲ ಒಪ್ಪಿದರೂ ಅವನೊಬ್ಬ ತುಟಿ ಬಿಚ್ಚಲಿಲ್ಲ. ತಮಗೆ ಶಾಭಾಸಕಿ ತಪ್ಪುವ ಹೆದರಿಕೆ, ಅವನಿಗೆ ರೊಟ್ಟಿ ತಪ್ಪುವ ಹೆದರಿಕೆ. ತುಂಬಿದ ಹೊಟ್ಟೆಯವನೂ ಅಲ್ಲಾಡುವುದಿಲ್ಲ, ಬರಿದಾಗುವ ಹೊಟ್ಟೆಯವನೂ ಅಲ್ಲಾಡುವುದಿಲ್ಲ. ಬಾಳು ಹೋದ ಮೇಲೆ ಅವನು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಸಾವಿತ್ರೆವ್ವ ಅವನಿಗೆ ರೊಟ್ಟಿ ಬಡಿಸಿದಳು. ಉಂಡ, ತಾಟು ತೊಳೆದಿಟ್ಟ, ಹೋದ. ಮರುದಿನ ಮತ್ತೆ ಗೆರೆ ನೋಡುತ್ತ ಕೂತಿದ್ದ.

ಆದ್ದರಿಂದ ನನ್ನ ಬೇಡಿಕೆ ಬೇರೆ ಅರ್ಜಿದಾರರ ಹಾಗಿಲ್ಲ. ತಮ್ಮ ಸೊನ್ನೆಯನ್ನು ಕೆಡಿಸಿರಿ ಎಂದು ಬೇಡುತ್ತಿದ್ದೇನೆ. ತಮ್ಮ ಕಡವಿನಿಂದ ಹಿಂದಕ್ಕೆ ಕಳಿಸಿದವನು ಎಲ್ಲಿ ಸತ್ತರೂ ಅವನು ತಮ್ಮ ಕಡವಿನಲ್ಲೇ ಸತ್ತವನು ಎಂದು ಒಪ್ಪಿಕೊಳ್ಳಿರಿ. ಬಳೆಗಾರನನ್ನು ಬರೆಯಿರಿ, ಕೆಂಚವ್ವನನ್ನು ಬರೆಯಿರಿ, ನನ್ನ ಬಾಳುವನ್ನು ಬರೆಯಿರಿ. ಆಗ ತಾವು ಗೆದ್ದವರ ಸಾಲಿನಿಂದ ಇಳಿಯುತ್ತೀರಿ, ಮೇಲಿನಿಂದ ಮುಖ ಗಂಟು ಹಾಕಿದ ಕಾಗದ ಬರುತ್ತದೆ, ತಮ್ಮ ನಿದ್ದೆ ಹಾರುತ್ತದೆ. ಕ್ಷಮಿಸಿರಿ, ಅದೇ ನನ್ನ ಆಸೆ. ನಿದ್ದೆ ಹಾರಿದ ಸಾಹೇಬರ ಕೈಯಿಂದ ಮಾತ್ರ ಈ ಸರಕಾರದಲ್ಲಿ ಏನಾದರೂ ಹೊಸದು ನಡೆಯುವುದನ್ನು ನಾನು ಕಂಡಿದ್ದೇನೆ. ಆದರೆ ದಯಮಾಡಿ ಆಗ ಗಾಬರಿಯಾಗಿ ಆಗಬೋಟು ತರಿಸಬೇಡಿರಿ. ತಂತಿ ತರಿಸಿರಿ. ನೀರು ಸಣ್ಣದಿರುವಾಗಲೇ ಬಿಗಿದು, ಮೊದಲು ಉಸುಕಿನ ಚೀಲ ಹೇರಿ ದಾಟಿಸಿ ನೋಡಿರಿ. ಆಮೇಲೆ ಮನುಷ್ಯರು ಬೇಕಾದರೆ ಮೊದಲು ನಾನೇ ಕೂಡುತ್ತೇನೆ. ಹಗ್ಗ ಹರಿದರೆ ಸ್ವಂತ ಖುಷಿಯಿಂದ ಕೂತಿದ್ದ ಎಂದು ಈಗಲೇ ಬರೆದುಕೊಡಲು ತಯಾರಿದ್ದೇನೆ.

ಈ ಕಾಗದ ಬರೆಯುವುದನ್ನು ಕಂಡು ಸಾವಿತ್ರೆವ್ವ, ಬರೆದರೆ ಹೋದವನು ಬರುತ್ತಾನೆಯೇ ಎಂದು ಕೇಳಿದಳು. ಬರುವುದಿಲ್ಲ. ಆದರೆ ಪಂಚಮಿ ಬರುತ್ತದೆ. ಈ ವರ್ಷ ಅಧಿಕ ಶ್ರಾವಣ ಬಿದ್ದಿರುವುದರಿಂದ ಪಂಚಾಂಗವೇ ತಮಗೆ ಒಂದು ತಿಂಗಳ ವಾಯಿದೆ ಕೊಟ್ಟಿದೆ. ಇದಕ್ಕಿಂತ ಉದಾರವಾದ ಕಚೇರಿ ಮೂರು ಲೋಕದಲ್ಲಿಲ್ಲ. ಹಬ್ಬ ಬಂದಾಗ ಹೊಳೆಯ ಈ ದಂಡೆಯ ಮನೆಮನೆಯಿಂದ ಹುಡುಗರು ಅಕ್ಕತಂಗಿಯರನ್ನು ಕರೆಯಲು ಹೊರಡುತ್ತಾರೆ. ತಮ್ಮ ಗೆರೆಯ ಹತ್ತಿರ ಬಂದು, ಒಂದು ಗಳಿಗೆ ನಿಂತು, ಮಡುವಿನ ಕಡೆ ಹೋಗುತ್ತಾರೆ. ಬೇಡವೆಂದರೆ ಕೇಳುವ ವಯಸ್ಸಲ್ಲ ಅವರದು.

ಗುರವ್ವ ಈಗಲೇ ಗಂಡನ ಕೈಯಲ್ಲಿ ಹೇಳಿ ಕಳಿಸಿದ್ದಾಳೆ, ನನಗೆ ಪಂಚಮಿ ಬೇಡ, ಯಾರೂ ಕರೆಯಲು ಬರಬೇಡಿರಿ ಎಂದು. ಆದರೆ ಆಕೆಯ ಅವ್ವ ಒಪ್ಪುವುದಿಲ್ಲ. ಒಡಹುಟ್ಟಿದವನು ಸತ್ತ ಮರುವರ್ಷವೇ ತವರಿನಿಂದ ಯಾರೂ ಹೋಗದಿದ್ದರೆ, ತಮ್ಮನನ್ನು ನುಂಗಿದವಳೆಂದು ನಾವು ಬಾಗಿಲು ಹಾಕಿಕೊಂಡೆವು ಎಂದು ಆ ಹುಡುಗಿ ತಿಳಿಯುತ್ತಾಳೆ, ಸಾಯುವವರೆಗೂ ತಿಳಿಯುತ್ತಾಳೆ ಎನ್ನುತ್ತಾಳೆ. ನನಗೂ ಹಾಗೇ ಅನಿಸುತ್ತದೆ. ಮನೆಯಲ್ಲಿ ಈಗ ಬೇರೆ ಗಂಡಸಿಲ್ಲವಾದ್ದರಿಂದ ಈ ಸಲ ಆಕೆಯನ್ನು ಕರೆಯಲು ನಾನು ಹೋಗುತ್ತೇನೆ. ನೀರು ಗೆರೆಯ ಕೆಳಗಿದ್ದರೂ ಹೋಗುತ್ತೇನೆ, ಮೇಲಿದ್ದರೂ ಹೋಗುತ್ತೇನೆ. ನನಗೆ ಈಜು ಬರುವುದಿಲ್ಲ. ಹೊಳೆಗೆ ಎಲ್ಲಿ ಇಳಿಯಬೇಕೆಂಬುದನ್ನು ತಾವು ಅಧಿಕ ಮಾಸ ಮುಗಿಯುವುದರೊಳಗೆ ತಿಳಿಸಬೇಕು.

ಇಂತಿ,
ಬಲದಂಡೆಯಲ್ಲಿ ಮನೆ ಕಟ್ಟಿ, ಎಡದಂಡೆಗೆ ಮಗಳನ್ನು ಕೊಟ್ಟ ಬುದ್ಧಿಗೇಡಿ,
ಅರಿವೆ ವ್ಯಾಪಾರಿ ನಿಜಗುಣಪ್ಪ
ಸೌಮ್ಯ ಸಂವತ್ಸರ, ಜ್ಯೇಷ್ಠ ಬಹುಳ